ಅರಮನೆ, ದಂಡು, ಕಾಫಿ ತೋಟ: ಮೈಸೂರಿನ ಸುತ್ತ ಒಂದು ಆಟದ ಹಾದಿ ಮೂಡಿದ ಬಗೆ

ಮೈಸೂರನ್ನು ನಡುವಿಗಿಟ್ಟುಕೊಂಡು ನಕ್ಷೆಯನ್ನು ಹರಡಿದರೆ ಪಶ್ಚಿಮಕ್ಕೆ ಮಡಿಕೇರಿ, ದಕ್ಷಿಣಕ್ಕೆ ಉದಕಮಂಡಲ, ಈಶಾನ್ಯಕ್ಕೆ ಬೆಂಗಳೂರು, ಮೂರೂ ಊರುಗಳು ಕಾರಿನಲ್ಲಿ ಅರ್ಧ ದಿನದೊಳಗೆ ತಲುಪುವಷ್ಟು ಹತ್ತಿರದಲ್ಲಿವೆ. ಈ ಮೂರರಲ್ಲಿಯೂ, ಮೈಸೂರಿನಲ್ಲಿಯೂ ಗಾಲ್ಫ್ ಅಂಗಣಗಳಿರುವುದರಿಂದ ನಾಲ್ಕು ಜನ ಗೆಳೆಯರು ಆಟದ ಚೀಲಗಳನ್ನು ಡಿಕ್ಕಿಗೆ ಹಾಕಿಕೊಂಡು ದಿನಕ್ಕೊಂದು ಅಂಗಣದಂತೆ ಆಡುತ್ತ ಸುತ್ತಿ ಬರುವ ಪ್ರವಾಸವೊಂದು ಇಲ್ಲಿ ಸಾಧ್ಯವಾಗಿದೆ. ಈ ಹಾದಿಯನ್ನು ಯಾರೂ ಹಾದಿಯೆಂದು ಯೋಜಿಸಿದವರಲ್ಲ. ದಂಡಿನವರು, ತೋಟದವರು ಮತ್ತು ಅರಮನೆಯವರು ಬೇರೆ ಬೇರೆ ಕಾಲದಲ್ಲಿ ತಮ್ಮ ತಮ್ಮ ಬಿಡುವಿಗೆಂದು ಮಾಡಿಕೊಂಡ ಏರ್ಪಾಡುಗಳು, ಬೇರೆಯೇ ಉದ್ದೇಶಕ್ಕೆ ತೆರೆದ ರಸ್ತೆಗಳ ಮೂಲಕ ಒಂದಕ್ಕೊಂದು ಸೇರಿಕೊಂಡವು.

ಸ್ಕಾಟ್ಲೆಂಡಿನ ಕಡಲಂಚಿನಲ್ಲಿ ಬೆಳೆದ ಗಾಲ್ಫ್, ಕೋಲಿನಿಂದ ಚೆಂಡನ್ನು ಹೊಡೆದು ಆದಷ್ಟು ಕಡಿಮೆ ಹೊಡೆತಗಳಲ್ಲಿ ನೆಲದ ಕುಳಿಗೆ ಇಳಿಸುವ ಆಟ. ಹೊಡೆತ ಆರಂಭವಾಗುವ ಸಮತಟ್ಟು ಜಾಗಕ್ಕೆ ಟೀ ಎಂದೂ, ಹುಲ್ಲು ಕತ್ತರಿಸಿದ ನಡುಹಾದಿಗೆ ಫೇರ್‌ವೇ ಎಂದೂ, ಕುಳಿಯ ಸುತ್ತ ನಯವಾಗಿ ಬೆಳೆಸಿದ ಹುಲ್ಲುಹಾಸಿಗೆ ಗ್ರೀನ್ ಎಂದೂ ಹೆಸರು. ಒಂದೊಂದು ಕುಳಿಗೂ ನುರಿತ ಆಟಗಾರನಿಗೆ ಬೇಕಾಗುವಷ್ಟೆಂದು ಗೊತ್ತುಮಾಡಿದ ಹೊಡೆತಗಳ ಸಂಖ್ಯೆಯೇ ಪಾರ್. ಪೂರ್ಣ ಅಂಗಣಕ್ಕೆ 18 ಕುಳಿಗಳು ಎಂಬ ಲೆಕ್ಕಕ್ಕೆ ಮೂಲ ಸೇಂಟ್ ಆಂಡ್ರ್ಯೂಸ್ ಊರಿನವರು 1764ರಲ್ಲಿ ತಮ್ಮ 22 ಕುಳಿಗಳ ಸುತ್ತನ್ನು ಕಡಿತಗೊಳಿಸಿದ್ದು. ಇಷ್ಟು ವಿಸ್ತಾರವಾದ ನೆಲ, ಅದರ ಹುಲ್ಲಿಗೆ ನೀರು, ಅದನ್ನು ಕತ್ತರಿಸಲು ಆಳು, ಚೀಲ ಹೊರಲು ಕ್ಯಾಡಿ, ಇವೆಲ್ಲ ಸುಲಭವಾಗಿ ದೊರೆಯುತ್ತಿದ್ದವರು ವಸಾಹತು ಕಾಲದ ಭಾರತದಲ್ಲಿ ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲ್ಕತ್ತದ ಕ್ಲಬ್ 1829ರಷ್ಟು ಹಳೆಯದು.

ಮೈಸೂರು ಸೀಮೆಗೆ ಈ ಆಟ ಬಂದದ್ದು ಮೊದಲು ಮೈಸೂರಿಗಲ್ಲ ಎಂಬುದಕ್ಕೆ ಸೊಳ್ಳೆಯ ಪಾಲೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬೀಡುಬಿಟ್ಟ ಬ್ರಿಟಿಷ್ ಸೈನ್ಯ ಮಲೇರಿಯಾದಿಂದ ತತ್ತರಿಸಿ, 1809ರಲ್ಲಿ ಬೆಂಗಳೂರಿಗೆ ದಂಡನ್ನು ಸಾಗಿಸಿತು. ಅಲ್ಲಿ ಬೆಳೆದ ದಂಡುಪ್ರದೇಶದ ಅಧಿಕಾರಿಗಳ ಬಿಡುವಿನ ಕೂಸಾಗಿ, ರಾಜ್ಯ ಇನ್ನೂ ಕಮಿಷನರರ ಆಡಳಿತದಲ್ಲಿದ್ದ 1876ರಲ್ಲಿ, ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿಕೊಂಡಿತು. ಒಡೆಯರಿಗೆ ರಾಜ್ಯ ಮರಳಿ ದೊರೆತದ್ದು ಅದಾದ ಐದು ವರ್ಷಗಳ ಬಳಿಕ, 1881ರಲ್ಲಿ. ಆ ವೇಳೆಗೆ ಕೋಲಾರದಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿ ಚಿನ್ನದ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತ್ತು. ಗಣಿಯ ಬಿಳಿಯ ಎಂಜಿನಿಯರುಗಳು ಕಟ್ಟಿಕೊಂಡ ಪುಟ್ಟ ಇಂಗ್ಲೆಂಡಿನಲ್ಲಿ ಕ್ಲಬ್ ಮನೆಯ ಜೊತೆಗೆ ಗಾಲ್ಫ್ ಅಂಗಣವೂ ಸೇರಿತು. ಇಂಥ ಒಣಸೀಮೆಗಳಲ್ಲಿ ಗ್ರೀನ್‌ಗೆ ನೀರುಣಿಸಲಾಗದೆ, ಮರಳಿಗೆ ಎಣ್ಣೆ ಬೆರೆಸಿ ಗಟ್ಟಿಮಾಡಿದ ನೆಲದ ಮೇಲೆ ಆಡುವ ರೂಢಿಯೂ ಉಂಟು. ಅಂಥ ನೆಲಕ್ಕೆ ಬ್ರೌನ್ ಎನ್ನುತ್ತಾರೆ.

ಮೈಸೂರಿನ ಅಂಗಣಕ್ಕೆ ದಂಡಿನ ಹಿನ್ನೆಲೆಯಿಲ್ಲ, ಕುದುರೆಯ ಹಿನ್ನೆಲೆಯಿದೆ. ಮೈಸೂರು ರೇಸ್ ಕ್ಲಬ್ ಸ್ಥಾಪನೆಯಾದದ್ದು 1891ರಲ್ಲಿ. ಕುದುರೆಗಳು ಓಡುವುದು ಅಂಚಿನ ಸುತ್ತುಹಾದಿಯಲ್ಲಿ ಮಾತ್ರವಾದ್ದರಿಂದ ಯಾವುದೇ ರೇಸ್ ಮೈದಾನದ ನಡುವೆ ಹತ್ತಾರು ಎಕರೆ ನೆಲ ವರ್ಷದ ಬಹುಪಾಲು ಖಾಲಿ ಬಿದ್ದಿರುತ್ತದೆ. ಮದರಾಸಿನ ಗಿಂಡಿಯಲ್ಲಿ ಈ ನಡುನೆಲವನ್ನು ಗಾಲ್ಫ್ ಆಕ್ರಮಿಸಿದಂತೆ ಚಾಮುಂಡಿ ಬೆಟ್ಟದ ತಪ್ಪಲಲ್ಲಿಯೂ ಅದೇ ನಡೆಯಿತು. ಲಲಿತಮಹಲಿನತ್ತ ಹೋಗುವ ದಾರಿಯ ಬಳಿಯಿರುವ ಈ ಅಂಗಣದ ಕ್ಲಬ್ಬಿಗೆ ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ ಹೆಸರಿದೆ. ಇಲ್ಲಿ ಈಗ 18 ಕುಳಿಗಳಿದ್ದು, ವೃತ್ತಿಪರ ಆಟಗಾರರ ರಾಷ್ಟ್ರಮಟ್ಟದ ಪಂದ್ಯಾವಳಿಗಳೂ ನಡೆದಿವೆ. ಎಲ್ಲಿ ನಿಂತು ಹೊಡೆದರೂ ಬೆಟ್ಟ ಕಣ್ಣಿಗೆ ಬೀಳುವುದು ಇದರ ಸೊಬಗು. ಆದರೆ ನೆಲ ಹೆಚ್ಚುಕಡಿಮೆ ಸಮತಟ್ಟಾದ್ದರಿಂದ, ಏರಿಳಿತದಲ್ಲಿ ಚೆಂಡನ್ನು ಪಳಗಿಸಬೇಕೆನ್ನುವ ಆಟಗಾರ ಹೊರಗೆ ಹೋಗಲೇಬೇಕು. ಪ್ರವಾಸದ ಆಸೆ ಹುಟ್ಟುವುದು ಈ ಕೊರತೆಯಿಂದಲೇ.

ಏರಿಳಿತ ಬೇಕೆಂದವರಿಗೆ ನೀಲಗಿರಿ ಇದೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಮೇಲೇರಿ ಹೋದ ಬಳಿಕ ಉದಕಮಂಡಲ ಗಿರಿಧಾಮವಾಗಿ ಬೆಳೆಯಿತು. ಬೇಸಿಗೆಯಲ್ಲಿ ಮೈಸೂರಿನ ಅರಸರೂ ಅಲ್ಲಿನ ಫರ್ನ್‌ಹಿಲ್ ಅರಮನೆಗೆ ಹೋಗುತ್ತಿದ್ದರಾಗಿ ಮೈಸೂರು–ಊಟಿ ರಸ್ತೆಗೆ ರಾಜಮಾರ್ಗದ ಮರ್ಯಾದೆಯೇ ಇತ್ತು. ವೆನ್‌ಲಾಕ್ ಡೌನ್ಸ್ ಎಂಬ ಹುಲ್ಲುಗಾವಲಿನ ಮೇಲೆ ಹಬ್ಬಿರುವ ಜಿಮ್‌ಖಾನಾ ಕ್ಲಬ್ಬಿನ ಅಂಗಣ ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಅದೇ ಬಲದ ಹೊಡೆತಕ್ಕೆ ಚೆಂಡು ಮೈಸೂರಿಗಿಂತ ಹೆಚ್ಚು ದೂರ ಸಾಗುತ್ತದೆ. ಹಾದಿಯ ಅಂಚಿಗೆ ಗಾರ್ಸ್ ಎಂಬ ಹಳದಿ ಹೂವಿನ ಮುಳ್ಳುಪೊದೆ ಬೆಳೆದುಕೊಂಡಿದ್ದು, ಅದರೊಳಗೆ ಹೊಕ್ಕ ಚೆಂಡನ್ನು ಬಿಟ್ಟುಬಿಡುವುದೇ ಲೇಸು. ಯುರೋಪಿನಿಂದ ತಂದ ಈ ಪೊದೆ ಇಂದು ನೀಲಗಿರಿಯ ಮೂಲ ಹುಲ್ಲುಗಾವಲನ್ನು ನುಂಗುತ್ತಿರುವ ಕಳೆಯೂ ಹೌದು. ಇನ್ನೂ ಒಂದು ದಿನ ಉಳಿಯುವವರಿಗೆ ಕೂನೂರಿನ ಪಕ್ಕದ ವೆಲ್ಲಿಂಗ್ಟನ್ ದಂಡಿನಲ್ಲಿ ಮತ್ತೊಂದು ಅಂಗಣವಿದೆ.

ಕೊಡಗಿನದು ಬೇರೆ ಕತೆ. 1834ರಲ್ಲಿ ಬ್ರಿಟಿಷರ ವಶವಾದ ಈ ನಾಡಿನಲ್ಲಿ 1850ರ ದಶಕದಿಂದ ಕಾಫಿ ತೋಟಗಳು ಎದ್ದವು. ಮೈಲಿಗೊಂದು ಬಂಗಲೆಯಂತೆ ಚದುರಿದ್ದ ತೋಟದ ದೊರೆಗಳಿಗೆ ವಾರಕ್ಕೊಮ್ಮೆ ಒಬ್ಬರ ಮುಖವನ್ನೊಬ್ಬರು ನೋಡಲು ಕ್ಲಬ್ಬು ಬೇಕಾಯಿತು, ಕ್ಲಬ್ಬಿಗೆ ಆಟ ಬೇಕಾಯಿತು. ಪಾಲಿಬೆಟ್ಟದಲ್ಲಿ ತೋಟಗಳ ನಡುವಿರುವ ಒಂಬತ್ತು ಕುಳಿಯ ಅಂಗಣ ಈ ಸಂಪ್ರದಾಯಕ್ಕೆ ಸೇರಿದ್ದು. ವಿರಾಜಪೇಟೆಯ ಬಳಿ ಬಿಟ್ಟಂಗಾಲದಲ್ಲಿ ಮತ್ತು ಮಡಿಕೇರಿಯಲ್ಲಿ ಇನ್ನೆರಡು ಅಂಗಣಗಳಿವೆ. ತೋಟದ ಮಾಲೀಕರು ಕೊಡವರೂ ಇತರ ಕನ್ನಡಿಗರೂ ಆದ ಮೇಲೆ ಆಟವೂ ಅವರ ಕೈಗೆ ಬಂತು. ಹಾಕಿ ಮತ್ತು ಸೈನ್ಯದ ನಾಡೆಂದೇ ಹೆಸರಾದ ಕೊಡಗಿನಲ್ಲಿ ಕೋಲು ಹಿಡಿಯುವುದನ್ನು ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಅಂಗಣಗಳು ಮಾತ್ರವಿದ್ದರೆ ಪ್ರವಾಸವಾಗುವುದಿಲ್ಲ. 1834ರಿಂದ 1861ರವರೆಗೆ ಕಮಿಷನರರಾಗಿದ್ದ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ರಾಜ್ಯದಲ್ಲಿ ಸುಮಾರು 1,600 ಮೈಲಿ ರಸ್ತೆಗಳು ಆದವು. ಅವುಗಳ ಉದ್ದೇಶ ಸೈನ್ಯ ಮತ್ತು ಸರಕಿನ ಸಾಗಾಟವಾಗಿತ್ತೇ ಹೊರತು ವಿಹಾರವಲ್ಲ. ಇಂದಿನ ಸುತ್ತುಹಾದಿ ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಮೂಲಕ ಮಡಿಕೇರಿಗೆ ಏರಿ, ವಿರಾಜಪೇಟೆಗೆ ಇಳಿದು, ಕುಟ್ಟದ ಮೂಲಕ ವಯನಾಡನ್ನು ಹಾದು, ಗೂಡಲೂರಿನಿಂದ ಊಟಿಗೆ ಹತ್ತಿ, ಬಂಡೀಪುರದ ಕಾಡಿನ ನಡುವೆ ಗುಂಡ್ಲುಪೇಟೆಗೆ ಮರಳುತ್ತದೆ. 1931ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸುಮಾರು 90 ಚದರ ಕಿ.ಮೀ. ವನ್ಯಧಾಮವಾಗಿ ಆರಂಭವಾಗಿ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರವೇ ಈಗ ಪ್ರವಾಸದ ವೇಳಾಪಟ್ಟಿಯನ್ನು ನಿರ್ಧರಿಸುತ್ತದೆ. ವಾಹನಗಳಿಗೆ ಸಿಕ್ಕು ಪ್ರಾಣಿಗಳು ಸಾಯುವುದನ್ನು ತಡೆಯಲು 2009ರಲ್ಲಿ ಅಲ್ಲಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಲಾಯಿತು. ವ್ಯಾಪಾರಿಗಳೂ ನೆರೆರಾಜ್ಯದವರೂ ಎಷ್ಟೇ ಗೊಣಗಿದರೂ ಈ ನಿಷೇಧ ಸರಿಯಾದದ್ದೇ.

ಇಷ್ಟಾದರೂ ಈ ಪ್ರವಾಸ ಎಲ್ಲರದಲ್ಲ. ನಿಯಮದಂತೆ ಒಬ್ಬನ ಚೀಲದಲ್ಲಿ 14 ಕೋಲುಗಳವರೆಗೆ ಇರಬಹುದು, ಅವುಗಳ ಬೆಲೆ ಸಾಮಾನ್ಯ ಸಂಬಳದವನನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಅದರ ಮೇಲೆ ಅತಿಥಿ ಶುಲ್ಕ, ಸದಸ್ಯರ ಪರಿಚಯ, ಕಾಲರಿನ ಅಂಗಿ. ಇದೇ ಆಟವನ್ನು ಕೋಲೂ ಚೆಂಡೂ ಇಲ್ಲದೆ ಆಡುವ ಬಗೆಯೊಂದು ಅಮೆರಿಕದಲ್ಲಿ ಹುಟ್ಟಿ, ಅಲ್ಲಿ ಗೆಳೆಯರ ಕಾರು ಪ್ರವಾಸಗಳಿಗೆ ನೆಪವಾಗಿರುವುದನ್ನು ಇಲ್ಲಿ ನೆನೆಯಬೇಕು. ಅದೇ ಡಿಸ್ಕ್ ಗಾಲ್ಫ್. ಕ್ಯಾಲಿಫೋರ್ನಿಯಾದ ಫ್ರೆಡ್ ಮಾರಿಸನ್ ರೂಪಿಸಿದ ಹಾರುವ ಪ್ಲಾಸ್ಟಿಕ್ ತಟ್ಟೆಯನ್ನು 1957ರಲ್ಲಿ ವ್ಯಾಮ್-ಓ ಕಂಪನಿ ಕೊಂಡು ಫ್ರಿಸ್ಬಿ ಎಂಬ ಹೆಸರಿನಲ್ಲಿ ಮಾರಿತು. ಅದೇ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ 1975ರಲ್ಲಿ ಲಾಸ್ ಏಂಜಲಿಸ್ ಸಮೀಪದ ಓಕ್ ಗ್ರೋವ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಮೊದಲ ಸ್ಥಿರ ಅಂಗಣವನ್ನು ರೂಪಿಸಿ, ಮರುವರ್ಷ ವೃತ್ತಿಪರ ಆಟಗಾರರ ಸಂಘವನ್ನೂ ಕಟ್ಟಿದರು. ಮೊದಲು ಕಂಬಗಳಿಗೆ ತಟ್ಟೆಯನ್ನು ತಾಗಿಸಿದರೆ ಸಾಕಿತ್ತು, ಆದರೆ ತಾಗಿತೋ ಇಲ್ಲವೋ ಎಂಬ ಜಗಳ ತಪ್ಪುತ್ತಿರಲಿಲ್ಲ. ಹೆಡ್ರಿಕ್ ಕಂಡುಕೊಂಡ ಪರಿಹಾರ ಸರಳವಾದದ್ದು: ಕಬ್ಬಿಣದ ಕಂಬದ ತುದಿಯ ಬಳೆಯಿಂದ ಸುತ್ತಲೂ ಸರಪಳಿಗಳನ್ನು ಇಳಿಬಿಟ್ಟು, ಅವುಗಳ ಕೆಳಗೆ ತಂತಿಯ ಬುಟ್ಟಿಯನ್ನು ಕೂರಿಸಿದರು. ರಭಸದಿಂದ ಬಂದ ತಟ್ಟೆ ಸರಪಳಿಗೆ ಸಿಕ್ಕಿ ಬಲ ಕಳೆದುಕೊಂಡು ಬುಟ್ಟಿಗೆ ಬೀಳುತ್ತದೆ, ಬಿದ್ದ ಸದ್ದು ದೂರದಲ್ಲಿ ನಿಂತವರಿಗೂ ಕೇಳುತ್ತದೆ, ಜಗಳಕ್ಕೆ ಆಸ್ಪದವಿರುವುದಿಲ್ಲ.

ಆಟದ ತಟ್ಟೆ ಮಕ್ಕಳ ಫ್ರಿಸ್ಬಿಗಿಂತ ಚಿಕ್ಕದು, ಸುಮಾರು 21 ಸೆಂ.ಮೀ. ಅಗಲ, ತೂಕ ಸಾಮಾನ್ಯವಾಗಿ 150ರಿಂದ 180 ಗ್ರಾಂ. 1983ರಲ್ಲಿ ಡೇವ್ ಡುನಿಪೇಸ್ ಅಂಚನ್ನು ಓರೆಯಾಗಿ ತೆಳುಗೊಳಿಸಿದ ಮೇಲೆ ಅದು ಗಾಳಿಯನ್ನು ಸೀಳಿಕೊಂಡು ಬಹುದೂರ ಹೋಗತೊಡಗಿತು. ಬಲಗೈಯವನು ಹಿಂಗೈಯಿಂದ ಬೀಸಿ ಎಸೆದಾಗ ವೇಗ ಇಳಿಯುತ್ತಿದ್ದಂತೆ ತಟ್ಟೆ ಎಡಕ್ಕೆ ವಾಲುತ್ತದೆ; ಈ ವಾಲಿಕೆಯನ್ನು ಮೊದಲೇ ಎಣಿಸಿ ಮರವೊಂದನ್ನು ಬಳಸಿ ಕಳಿಸುವುದೇ ಆಟದ ಜಾಣ್ಮೆ. ದೂರದ ಎಸೆತಕ್ಕೆ ಡ್ರೈವರ್, ಮಧ್ಯಮ ದೂರಕ್ಕೆ ಮಿಡ್‌ರೇಂಜ್, ಬುಟ್ಟಿಯ ಬಳಿಗೆ ಪಟರ್, ಹೀಗೆ ಮೂರು ಬಗೆಯ ತಟ್ಟೆಗಳು ಹೆಗಲ ಚೀಲದಲ್ಲಿ ಹಿಡಿಯುತ್ತವೆ. ಗಾಲ್ಫಿಗೆ ಮರ ಅಡ್ಡಿಯಾದರೆ ಇದಕ್ಕೆ ಮರವೇ ಆಟದ ಅಂಗ, ಹುಲ್ಲುಹಾಸು ಬೇಕಾಗಿಯೇ ಇಲ್ಲ. ಅದಕ್ಕೆಂದೇ ಫಿನ್ಲೆಂಡ್, ಎಸ್ಟೋನಿಯಾಗಳಂಥ ಕಾಡುನಾಡುಗಳಲ್ಲಿ ಊರೂರಿಗೂ ಅಂಗಣಗಳು ಹಬ್ಬಿವೆ.

ಭಾರತದಲ್ಲಿ ಈ ಆಟ ಇನ್ನೂ ವಿರಳ. ಮೈಸೂರಿನಲ್ಲಿ ಬುಟ್ಟಿಗಳನ್ನು ನಿಲ್ಲಿಸುವುದಾದರೆ ಕುಕ್ಕರಹಳ್ಳಿ ಕೆರೆಯಂಥ ತಾಣವನ್ನು ಕೈಬಿಡುವುದೇ ಸರಿ, ಅಲ್ಲಿ ಏರಿಯ ಮೇಲೆ ನಡೆದಾಡುವ ಹಿರಿಯರೂ ಗೂಡುಕಟ್ಟುವ ಹಕ್ಕಿಗಳೂ ತಟ್ಟೆಯ ದಾರಿಗೆ ಅಡ್ಡ ಬರುತ್ತಾರೆ. ಮಾನಸಗಂಗೋತ್ರಿಯಂಥ ಮರಗಳಿರುವ ವಿಶಾಲ ವಿದ್ಯಾಪ್ರಾಂಗಣವೇ ಇದಕ್ಕೆ ಹೆಚ್ಚು ಹೊಂದುತ್ತದೆ. ಓಕ್ ಗ್ರೋವ್‌ನಲ್ಲಿ ಆದದ್ದೂ ಸಾರ್ವಜನಿಕ ನೆಲದ ಒಂದು ಪಾಲನ್ನು ಆಟಕ್ಕೆ ಬಿಟ್ಟುಕೊಟ್ಟ ಆಡಳಿತದ ಒಪ್ಪಿಗೆಯಿಂದ. ಮೈಸೂರಿನಲ್ಲಿ ಅಂಥ ಒಪ್ಪಿಗೆ ನೀಡಬಲ್ಲವರು ವಿಶ್ವವಿದ್ಯಾಲಯ ಮತ್ತು ನಗರಪಾಲಿಕೆ.

ಅಲ್ಲಿಯವರೆಗೆ ಹಳೆಯ ಹಾದಿಯೇ ಗತಿ. ಹೊರಡುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೊಡಗಿನ ಮಳೆಯನ್ನು ಕಳೆದು, ಅಕ್ಟೋಬರ್‌ನಿಂದ ಫೆಬ್ರವರಿಯ ನಡುವಿನ ದಿನಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮೈಸೂರಿನಲ್ಲಿ ಆಡುವ ಮುನ್ನ ಕುದುರೆ ಪಂದ್ಯದ ದಿನಗಳನ್ನು ವಿಚಾರಿಸಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿರುವುದರಿಂದ ಅದನ್ನು ಮನೆಯಲ್ಲಿಯೇ ಮಾಡಿಸಿಕೊಳ್ಳಬೇಕು. ಊಟಿಯಲ್ಲಿ ಕೊನೆಯ ದಿನ ಆಡುವವರು ಸಂಜೆ 4 ಗಂಟೆಯೊಳಗೆ ಹೊರಟುಬಿಡಲಿ. ಗೂಡಲೂರಿನ ದಾರಿ ಸುತ್ತುಬಳಸಿನದು, ಬಂಡೀಪುರದ ಗೇಟು 9ಕ್ಕೆ ಮುಚ್ಚುತ್ತದೆ.