ತಾಳ ತಪ್ಪಿದ ಹೃದಯಕ್ಕೆ ಶಸ್ತ್ರಚಿಕಿತ್ಸೆ ಯಾವಾಗ?

ದಾವಣಗೆರೆಯಿಂದ ಜಗಳೂರಿಗೆ ಹೋಗುವ ಹಾದಿಯಲ್ಲಿರುವ ಬಿಳಿಚೋಡು, ಜಗಳೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಮಳೆಯನ್ನೇ ನಂಬಿದ ಈ ಸೀಮೆಯ ಹೊಲವೊಂದರಲ್ಲಿ ಮೆಕ್ಕೆಜೋಳದ ತೆನೆ ಮುರಿಯುತ್ತಿದ್ದ ಐವತ್ತರ ಆಸುಪಾಸಿನ ರೈತನೊಬ್ಬ ಇದ್ದಕ್ಕಿದ್ದಂತೆ ಕಣ್ಣು ಕತ್ತಲಿಟ್ಟು ಬೀಳುತ್ತಾನೆ ಎಂದಿಟ್ಟುಕೊಳ್ಳಿ. ಅರ್ಧ ನಿಮಿಷದಲ್ಲಿ ಎಚ್ಚರವಾಗುತ್ತದೆ. ಮುಖಕ್ಕೆ ನೀರು ಚಿಮುಕಿಸಿದವರು ಬಿಸಿಲಿನ ಝಳ ಎನ್ನುತ್ತಾರೆ, ಪಿತ್ತ ಎನ್ನುತ್ತಾರೆ. ಸಂಜೆ ಆಸ್ಪತ್ರೆಗೆ ಹೋದರೆ ನಾಡಿಯೂ ಸರಿ, ರಕ್ತದೊತ್ತಡವೂ ಸರಿ. ಎರಡು ವರ್ಷದ ಹಿಂದೆ ತನಗೆ ಹೃದಯಾಘಾತ ಆಗಿತ್ತೆಂಬುದನ್ನು ಆತ ಹೇಳುವುದಿಲ್ಲ. ಯಾರೂ ಕೇಳುವುದೂ ಇಲ್ಲ. ಹೃದಯದ ಬಡಿತದ ದೋಷಗಳಲ್ಲಿ ಅತಿ ಅಪಾಯಕಾರಿಯಾದದ್ದು ತಪ್ಪಿಸಿಕೊಳ್ಳುವುದು ಹೀಗೆಯೇ. ವೈದ್ಯರ ಮುಂದೆ ಕೂರುವ ಹೊತ್ತಿಗೆ ಅದು ಮಾಯವಾಗಿರುತ್ತದೆ.

ಹೃದಯದ ಬಲ ಮೇಲ್ಕೋಣೆಯ ತುದಿಯಲ್ಲಿರುವ ಪುಟ್ಟ ಗಂಟೊಂದು ವಿದ್ಯುತ್ ಸಂಕೇತ ಹೊರಡಿಸುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ. ಈ ಸಂಕೇತ ಮೇಲಿನ ಕೋಣೆಗಳನ್ನು ದಾಟಿ, ನಡುವಿನ ಒಂದೇ ಒಂದು ದ್ವಾರದ ಮೂಲಕ ಕೆಳಗಿನ ಕೋಣೆಗಳಿಗೆ ಇಳಿಯಬೇಕು. ಹೃದಯಾಘಾತದಲ್ಲಿ ಸತ್ತ ಮಾಂಸಖಂಡ ಕಲೆಗಟ್ಟಿದಾಗ, ಆ ಕಲೆಯೊಳಗೆ ಅಲ್ಲಲ್ಲಿ ಬದುಕುಳಿದ ಎಳೆಗಳಿರುತ್ತವೆ. ಸಂಕೇತ ಆ ಎಳೆಗಳಲ್ಲಿ ಗಾಣದ ಎತ್ತಿನಂತೆ ಸುತ್ತತೊಡಗಿದರೆ ಕೆಳಗಿನ ಕೋಣೆಗಳು ನಿಮಿಷಕ್ಕೆ 180, 200 ಬಾರಿ ಬಡಿಯುತ್ತವೆ. ರಕ್ತ ತುಂಬಿಕೊಳ್ಳಲು ಬಿಡುವೇ ಸಿಗದು. ಇದು ಇನ್ನೂ ಕೆಟ್ಟು ಬರಿಯ ಕಂಪನವಾದರೆ ಹೃದಯ ಇದ್ದೂ ಇಲ್ಲದಂತೆ. ಆಗ ಎದೆ ಒತ್ತುವವರಿಲ್ಲದೆ, ವಿದ್ಯುತ್ ಆಘಾತ ಕೊಡುವ ಯಂತ್ರವಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ನಮ್ಮ ರಾಜ್ಯದಲ್ಲಿ 2008ರಿಂದ 108 ಆಂಬುಲೆನ್ಸ್ ಓಡುತ್ತಿದೆ ನಿಜ. ಆದರೆ ಹಳ್ಳಿಯ ಹೊಲಕ್ಕೆ ಹತ್ತು ನಿಮಿಷದಲ್ಲಿ ಬರುವ ವಾಹನ ಯಾವುದು?

ಇಂಥ ದೋಷವನ್ನು ಕತ್ತರಿಸಿ ತೆಗೆಯಬಹುದೆಂದು ಮೊದಲು ತೋರಿಸಿದವರು ಶಸ್ತ್ರವೈದ್ಯರೇ. ಕೆಲವರಿಗೆ ಹುಟ್ಟಿನಿಂದಲೇ ಮೇಲಿನ, ಕೆಳಗಿನ ಕೋಣೆಗಳ ನಡುವೆ ಒಂದು ಕಳ್ಳದಾರಿ ಇರುತ್ತದೆ. 1968ರ ಮೇ 2ರಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾ. ವಿಲ್ ಸೀಲಿ ಮೀನುಗಾರನೊಬ್ಬನ ಎದೆ ತೆರೆದು ಆ ದಾರಿಯನ್ನು ಕತ್ತರಿಸಿದರು. ಈಗ ಇದೇ ಕೆಲಸ ತೊಡೆಸಂದಿನ ರಕ್ತನಾಳದಿಂದ ತೂರಿಸಿದ ತಂತಿಯ ತುದಿಯ ಬಿಸಿಯಿಂದ ಮುಗಿಯುತ್ತದೆ. ಹೆಚ್ಚಿನವರು ಮರುದಿನ ಮನೆಗೆ ಹೋಗುತ್ತಾರೆ. ಕಲೆಗಟ್ಟಿದ ಹೃದಯದ ವಿಷಯದಲ್ಲೂ ಹಾಗೆಯೇ ಆಯಿತು. ಕೆಳಕೋಣೆಯ ಒಳಪದರದ ಕಲೆಯನ್ನು ಹೆರೆದು ತೆಗೆಯುವ ಶಸ್ತ್ರಕ್ರಿಯೆ 1970ರ ದಶಕದ ಕೊನೆಯಲ್ಲಿ ಬಂತು. ಇಂದು ಮೊದಲ ಸರದಿ ತಂತಿಯದು. ತಂತಿ ಸೋತಾಗ, ಅಥವಾ ಬೈಪಾಸ್, ಕವಾಟದ ದುರಸ್ತಿಗೆಂದು ಹೇಗೂ ಎದೆ ತೆರೆಯಬೇಕಾದಾಗ ಮಾತ್ರ ಕತ್ತಿಗೆ ಕೆಲಸ.

ಎದೆಯೊಳಗಿನ ಕಾವಲುಗಾರ

ಪೋಲೆಂಡಿನಲ್ಲಿ ಹುಟ್ಟಿದ ಡಾ. ಮಿಷೆಲ್ ಮಿರೋವ್‌ಸ್ಕಿ ಅವರ ಗುರು 1966ರಲ್ಲಿ ಇಂಥದೇ ಬಡಿತದ ದೋಷದಿಂದ ತೀರಿಕೊಂಡರು. ಆಘಾತ ಕೊಡುವ ಯಂತ್ರವನ್ನು ರೋಗಿಯ ಮೈಯೊಳಗೇ ಇಟ್ಟರೇನು ಎಂಬ ಅವರ ಯೋಚನೆಯನ್ನು ಹಲವು ಪರಿಣತರು ತಳ್ಳಿಹಾಕಿದ್ದರು. 1980ರ ಫೆಬ್ರುವರಿಯಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಯಂತ್ರ ಮನುಷ್ಯ ದೇಹ ಸೇರಿತು. ಆಗ ಎದೆ ತೆರೆದು ಹೃದಯದ ಮೇಲೆಯೇ ವಿದ್ಯುತ್ ಪಟ್ಟಿ ಅಂಟಿಸಬೇಕಿತ್ತು; ಈಗ ಭುಜದ ಕೆಳಗೆ ಚರ್ಮದಡಿ ಸಣ್ಣ ಜೇಬು ಮಾಡಿದರೆ ಸಾಕು. ಐಸಿಡಿ ಎಂಬ ಹೆಸರಿನ ಈ ಯಂತ್ರ ಪ್ರತಿ ಬಡಿತವನ್ನೂ ಎಣಿಸುತ್ತದೆ, ಹಾದಿ ತಪ್ಪಿದರೆ ಕೆಲವೇ ಸೆಕೆಂಡಿನಲ್ಲಿ ಸರಿಪಡಿಸುತ್ತದೆ.

ಯಾರಿಗೆ ಬೇಕು? ಎಕೋ ಪರೀಕ್ಷೆಯ ವರದಿಯಲ್ಲಿ ‘ಇಎಫ್’ ಎಂದೊಂದು ಅಂಕಿ ಇರುತ್ತದೆ. ಒಂದೊಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬುದರ ಲೆಕ್ಕವದು. ಆರೋಗ್ಯವಂತರಲ್ಲಿ ಶೇ 55ಕ್ಕಿಂತ ಹೆಚ್ಚು. ಹೃದಯಾಘಾತದ ನಂತರ ಇದು ಶೇ 30 ಅಥವಾ ಅದಕ್ಕಿಂತ ಕೆಳಗಿದ್ದವರ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಐಸಿಡಿ ಹಾಕಿಸಿಕೊಂಡವರಲ್ಲಿ ಸಾವು ಶೇ 31ರಷ್ಟು ಕಡಿಮೆಯಾಯಿತು. ಆಘಾತವಾಗಿ ಕನಿಷ್ಠ 40 ದಿನ ಕಳೆದ ಮೇಲೂ, ಔಷಧಿ ತೆಗೆದುಕೊಂಡ ಮೇಲೂ ಅಂಕಿ ಏರದಿದ್ದರೆ ವೈದ್ಯರು ಈ ಮಾತು ಎತ್ತುತ್ತಾರೆ. ಯಂತ್ರ ರೋಗವನ್ನು ವಾಸಿಮಾಡುವುದಿಲ್ಲ ಎಂಬುದನ್ನು ಮಾತ್ರ ಮನೆಯವರು ತಿಳಿದಿರಬೇಕು. ಎಚ್ಚರವಿದ್ದಾಗ ಆಘಾತ ಬಿದ್ದರೆ ಎದೆಗೆ ಕುದುರೆ ಒದ್ದಂತೆ ಎಂದು ರೋಗಿಗಳು ಹೇಳುತ್ತಾರೆ. ಬ್ಯಾಟರಿ ತೀರಿದಾಗ ಯಂತ್ರವನ್ನೇ ಬದಲಿಸಬೇಕು. ಬೆಲೆಯೋ, ಲಕ್ಷಗಳ ಲೆಕ್ಕ.

ಕಿವುಡು ಮಗುವಿನ ಮೂರ್ಛೆ

ಇನ್ನೊಂದು ಬಗೆಯ ದೋಷ ನಮ್ಮ ಭಾಗದವರು ವಿಶೇಷವಾಗಿ ಗಮನಿಸಬೇಕಾದದ್ದು. 1957ರಲ್ಲಿ ನಾರ್ವೆಯ ಇಬ್ಬರು ವೈದ್ಯರು ಒಂದು ಕುಟುಂಬದ ಬಗ್ಗೆ ಬರೆದರು. ಆರು ಮಕ್ಕಳಲ್ಲಿ ನಾಲ್ವರು ಹುಟ್ಟು ಕಿವುಡರು. ಓಡಿದಾಗ, ಬೆಚ್ಚಿದಾಗ ಎಚ್ಚರತಪ್ಪುತ್ತಿದ್ದರು. ಮೂವರು ಹಠಾತ್ತನೆ ಸತ್ತರು. ಪ್ರತಿ ಬಡಿತದ ಬಳಿಕ ಹೃದಯ ಮತ್ತೆ ಸಜ್ಜಾಗಲು ಹೆಚ್ಚು ಹೊತ್ತು ಹಿಡಿಯುವ ಈ ಕಾಯಿಲೆ, ತಾಯಿ ತಂದೆ ಇಬ್ಬರಿಂದಲೂ ದೋಷದ ವಂಶವಾಹಿ ಬಂದ ಮಗುವಿಗೆ ತಗಲುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವಲ್ಲಿ ಅದರ ಸಂಭವ ಹೆಚ್ಚು. ಮಗು ಬಿದ್ದು ಕೈಕಾಲು ಸೆಟೆದುಕೊಂಡರೆ ಫಿಟ್ಸ್ ಎಂದೇ ಎಲ್ಲರೂ ತಿಳಿಯುತ್ತಾರೆ. ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗಿಸುತ್ತಾರೆ. ಹುಟ್ಟು ಕಿವುಡಿರುವ ಮಗು ಒಮ್ಮೆ ಎಚ್ಚರತಪ್ಪಿದರೂ ಇಸಿಜಿ ಮಾಡಿಸಲೇಬೇಕು.

ಇದಕ್ಕೆ ಮೊದಲ ಮದ್ದು ಪ್ರೊಪ್ರನಾಲಾಲ್‌ನಂಥ ಅಗ್ಗದ ಮಾತ್ರೆ. ಅದು ಸಾಲದಾದಾಗ ಶಸ್ತ್ರಚಿಕಿತ್ಸೆಯೊಂದಿದೆ. ಹೃದಯವನ್ನು ಉದ್ರೇಕಿಸುವ ನರಗಳ ಸರಪಳಿ ಎದೆಯ ಎಡಭಾಗದಲ್ಲಿ, ಬೆನ್ನುಮೂಳೆಯ ಪಕ್ಕದಲ್ಲಿ ಇಳಿದುಹೋಗುತ್ತದೆ. ಅದರ ಮೇಲಿನ ಭಾಗವನ್ನು ಕತ್ತರಿಸುತ್ತಾರೆ. ರುಮೇನಿಯಾದ ಶಸ್ತ್ರವೈದ್ಯ ಯೊನೆಸ್ಕು 1916ರಲ್ಲೇ ಎದೆನೋವಿನ ರೋಗಿಯೊಬ್ಬನಿಗೆ ಇದನ್ನು ಮಾಡಿದ್ದರು. ಈಗ ಎದೆಗೆ ಎರಡು ಮೂರು ಸಣ್ಣ ರಂಧ್ರ ಮಾಡಿ, ದುರ್ಬೀನಿನ ನೆರವಿನಿಂದ ಮುಗಿಸುತ್ತಾರೆ. ದುಬಾರಿ ಯಂತ್ರ ಬೇಡ, ಬ್ಯಾಟರಿ ಬೇಡ. ಅಪಾಯ ಪೂರ್ತಿ ಹೋಗುವುದಿಲ್ಲ, ಮಾತ್ರೆ ಬಿಡುವಂತಿಲ್ಲ. ಆದರೂ ಬಡವರ ಮನೆಯ ಮಗುವಿಗೆ ಈ ದಾರಿಯ ಪ್ರಸ್ತಾಪ ಇನ್ನೂ ಹೆಚ್ಚು ಬರಬೇಕಿತ್ತು ಎಂದೇ ಈ ಲೇಖಕನ ಅನಿಸಿಕೆ.

ಮೇಲಿನ ಕೋಣೆಗಳ ಕಂಪನ ಒಡನೆಯೇ ಕೊಲ್ಲುವುದಿಲ್ಲ. ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹಾರಿದರೆ ಲಕ್ವ ಹೊಡೆಯುತ್ತದೆ. ಬಾಲ್ಯದ ಗಂಟಲುನೋವಿನಿಂದ ಕವಾಟ ಕೆಟ್ಟ ಎಷ್ಟೋ ಮಹಿಳೆಯರಿಗೆ ಇದು ಮೂವತ್ತು, ನಲವತ್ತರಲ್ಲೇ ಬರುತ್ತದೆ. ಡಾ. ಜೇಮ್ಸ್ ಕಾಕ್ಸ್ 1987ರಲ್ಲಿ ಮೇಲ್ಕೋಣೆಯ ಗೋಡೆಯನ್ನು ಅಲ್ಲಲ್ಲಿ ಕತ್ತರಿಸಿ ಹೊಲಿದು, ಸಂಕೇತಕ್ಕೆ ಒಂದೇ ದಾರಿ ಉಳಿಸುವ ಶಸ್ತ್ರಕ್ರಿಯೆ ಆರಂಭಿಸಿದರು. ಕವಾಟದ ಆಪರೇಷನ್ ಜತೆಗೇ ಇದನ್ನು ಮಾಡಬಹುದು. ಹೆಪ್ಪು ಕೂರುವ ಕಿವಿಯಾಕಾರದ ಚೀಲವನ್ನು ಅದೇ ಹೊತ್ತಿಗೆ ಮುಚ್ಚಿದರೆ ಲಾಭವಿದೆ ಎಂದು 2021ರ ಅಧ್ಯಯನ ತೋರಿಸಿತು: ಮುಚ್ಚಿದವರಲ್ಲಿ ಶೇ 4.8 ಮಂದಿಗೆ, ಮುಚ್ಚದವರಲ್ಲಿ ಶೇ 7 ಮಂದಿಗೆ ಹೆಪ್ಪಿನ ತೊಂದರೆ. ಆಪರೇಷನ್‌ಗೆ ಮೊದಲೇ ಈ ಎರಡನ್ನೂ ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಬಡಿತದ ದೋಷಗಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2024ರಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆ ಹೃದಯಾಘಾತಕ್ಕೆ ಉದ್ದೇಶಿಸಿದ್ದಾದರೂ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೊಡ್ಡ ಕೇಂದ್ರದ ವೈದ್ಯರ ಕಣ್ಣಿಗೆ ಬೀಳುವ ವ್ಯವಸ್ಥೆ ಅದರಿಂದ ಬಂದಿದೆ. ಬಡಿತ ತಪ್ಪಿರುವಾಗಲೇ ತೆಗೆದ ಒಂದು ಇಸಿಜಿ ಹತ್ತು ಪರೀಕ್ಷೆಗೆ ಸಮ. ಆ ಕಾಗದದ ಮೇಲಿನ ಗೆರೆ ಬಿಸಿಲಿಗೆ, ಪ್ಲಾಸ್ಟಿಕ್ ಕವರಿಗೆ ವರ್ಷದೊಳಗೆ ಮಾಸಿಹೋಗುವುದುಂಟು. ತೆಗೆದ ದಿನವೇ ಝೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೂ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ.