ಎಲೆ ಸವರಿದರೆ ಗುಲಾಬಿ

ಹೂವಿನ ಹಂಗಿಲ್ಲದೆ ಎಲೆಯಿಂದಲೇ ಘಮಘಮಿಸುವ ಗಿಡಗಳು ನಮಗೆ ಹೊಸತಲ್ಲ. ಮರುಗ, ದವನ, ಪಚ್ಚೆತೆನೆಗಳನ್ನು ಮಾಲೆಗೆ ಸೇರಿಸಿ ಕಟ್ಟುವ ನಾಡಿದು. ಬಾಲ್ಕನಿಯ ಕುಂಡದಲ್ಲಿ ಆ ಸಾಲಿಗೆ ಸೇರಬೇಕಾದ ಇನ್ನೊಂದು ಗಿಡ ಪರಿಮಳದ ಜೆರೇನಿಯಂ. ಸಸ್ಯವಿಜ್ಞಾನಿಗಳು ಇದನ್ನು ಪೆಲಾರ್ಗೋನಿಯಂ ಎನ್ನುತ್ತಾರೆ. ಎಲೆಯ ನವಿರು ರೋಮಗಳ ತುದಿಯಲ್ಲಿ ಎಣ್ಣೆಯ ಗ್ರಂಥಿಗಳಿದ್ದು, ಬೆರಳಿನಿಂದ ಸವರಿದರೆ ಒಡೆದು ಪರಿಮಳ ಹೊಮ್ಮುತ್ತದೆ. ಗ್ರಾವಿಯೋಲೆನ್ಸ್ ಜಾತಿಗೆ ಗುಲಾಬಿಯ ಕಂಪು, ಕ್ರಿಸ್ಪಮ್‌ಗೆ ನಿಂಬೆಯದು, ಮಕಮಲ್ಲಿನಂಥ ಎಲೆಯ ಟೊಮೆಂಟೋಸಮ್‌ಗೆ ಪೆಪ್ಪರ್‌ಮಿಂಟಿನದು. ಗುಲಾಬಿ ಎಣ್ಣೆಯಲ್ಲಿರುವ ಸಿಟ್ರೊನೆಲ್ಲೋಲ್, ಜೆರಾನಿಯೋಲ್ ಗುಲಾಬಿಗಂಪಿನ ಜಾತಿಯಲ್ಲೂ ಇವೆ. ನೀಲಗಿರಿಯಲ್ಲಿ ಎಣ್ಣೆಗಾಗಿಯೇ ಇದನ್ನು ಬೆಳೆಯುತ್ತಾರೆ.

ಪರಿಮಳದ ಜೆರೇನಿಯಂನ ತವರು ದಕ್ಷಿಣ ಆಫ್ರಿಕಾ. 1772ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ಪರವಾಗಿ ಅಲ್ಲಿನ ಕೇಪ್‌ಗೆ ಹೋದ ಫ್ರಾನ್ಸಿಸ್ ಮ್ಯಾಸನ್ ಇದರ ಹಲವು ಜಾತಿಗಳನ್ನು ಇಂಗ್ಲೆಂಡಿಗೆ ಕಳಿಸಿದ.

ಈ ಗಿಡಕ್ಕೆ ನೀರು ನಿಂತರೆ ಆಗದು. ಬಯಲು ಪ್ರದೇಶಗಳಲ್ಲಿ ಮಳೆಗಾಲದಲ್ಲಿ ತಾಯಿಗಿಡಗಳು ಸಾಯುವುದನ್ನು ತಪ್ಪಿಸಲು ಲಖನೌದ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ ಸಿಮ್ಯಾಪ್‌ನವರು ಪಾಲಿಥಿನ್ ಹೊದಿಕೆಯಡಿ ಅವುಗಳನ್ನು ಕಾಪಾಡುವ ಅಗ್ಗದ ವಿಧಾನ ರೂಪಿಸಿದರು. ಮನೆಯಲ್ಲೂ ಅಷ್ಟೇ: ಜೂನ್ ಬಂತೆಂದರೆ ಕುಂಡ ಸೂರಿನಡಿಗೆ ಬರಲಿ. ತೂತು ದೊಡ್ಡದಿರುವ ಮಣ್ಣಿನ ಕುಂಡವೇ ಒಳ್ಳೆಯದು. ಕೆಮ್ಮಣ್ಣಿಗೆ ದಪ್ಪ ಮರಳನ್ನು ಧಾರಾಳವಾಗಿ ಬೆರೆಸಿ, ಸ್ವಲ್ಪ ಎರೆಗೊಬ್ಬರ ಸೇರಿಸಬೇಕು. ಮೇಲ್ಮಣ್ಣು ಒಣಗಿದೆಯೆಂದು ಬೆರಳಿಟ್ಟು ನೋಡಿದ ಮೇಲೆಯೇ ನೀರು. ಗೊಬ್ಬರ ಹೆಚ್ಚಾದರೆ ಎಲೆ ಹುಲುಸಾಗುತ್ತದೆ, ಕಂಪು ತೆಳುವಾಗುತ್ತದೆ. ಬೆಳಗಿನ ಬಿಸಿಲು ಬೇಕು. ಟೊಮೆಂಟೋಸಮ್‌ಗೆ ಮಾತ್ರ ಅರೆನೆರಳು ಹಿತ. ತುದಿ ಚಿವುಟುತ್ತಿದ್ದರೆ ಗಿಡ ಪೊದೆಯಾಗುತ್ತದೆ.

ವಯಸ್ಸಾದ ಗಿಡದ ಬುಡ ಕಟ್ಟಿಗೆಯಾಗಿ ಎಲೆ ಕಡಿಮೆಯಾಗುವುದರಿಂದ ಹೊಸ ಸಸಿ ಮಾಡಿಕೊಳ್ಳುತ್ತಿರಬೇಕು. ಮಳೆ ನಿಂತ ಮೇಲೆ ನಾಲ್ಕು ಬೆರಳುದ್ದದ ಎಳೆ ತುದಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಗಾಯ ಒಣಗುವಷ್ಟು ಹೊತ್ತು ನೆರಳಿನಲ್ಲಿಟ್ಟು ಮರಳುಮಣ್ಣಿಗೆ ಊರಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಬೇರು ಬಿಡುತ್ತದೆ. ಪ್ಲಾಸ್ಟಿಕ್ ಚೀಲ ಮುಚ್ಚುವುದು ಬೇಡ, ರೋಮದ ಎಲೆ ತೇವಕ್ಕೆ ಕೊಳೆಯುತ್ತದೆ.

ನರ್ಸರಿಗಳಲ್ಲಿ ಇದೇ ಕುಲದ ಒಂದು ತಳಿಯನ್ನು ಸೊಳ್ಳೆ ಓಡಿಸುವ ಗಿಡವೆಂದು ಮಾರುವುದುಂಟು. ನಂಬಿ ಕೊಳ್ಳಬಾರದು. ಕುಂಡ ಪಕ್ಕದಲ್ಲಿದ್ದರೂ ಸೊಳ್ಳೆ ಕಚ್ಚುತ್ತದೆಂದು ಪರೀಕ್ಷೆಗಳು ತೋರಿಸಿವೆ.

ನಿಜವಾದ ಉಪಯೋಗ ಅಡುಗೆಮನೆಯಲ್ಲಿದೆ. ಕೀಟನಾಶಕ ತಾಕದ ಗುಲಾಬಿಗಂಪಿನ ಎಲೆಯನ್ನು ತೊಳೆದು, ಒರೆಸಿ ಸಕ್ಕರೆ ಡಬ್ಬಿಯಲ್ಲಿ ಹೂತಿಟ್ಟರೆ ಸಕ್ಕರೆಗೆ ಕಂಪು ಹತ್ತುತ್ತದೆ. ಅದನ್ನು ಪಾಯಸಕ್ಕೆ ಬಳಸಬಹುದು. ನಾಯಿ, ಬೆಕ್ಕು ಸಾಕಿದವರು ಮಾತ್ರ ಕುಂಡವನ್ನು ಎಟುಕದ ಎತ್ತರದಲ್ಲಿಡಬೇಕು, ಈ ಎಲೆ ಅವುಗಳಿಗೆ ವಿಷ.