ಕಾರ್ಖಾನೆಯ ಗುರುತು ಕಳಚಿದ ಮೇಲೆ

1989ರಿಂದ 1991ರವರೆಗಿನ ಮೂರು ವರ್ಷಗಳಲ್ಲಿ ಪೂರ್ವ ಯುರೋಪು ಮತ್ತು ಸೋವಿಯತ್ ಒಕ್ಕೂಟದ ಕಮ್ಯುನಿಸ್ಟ್ ಸರ್ಕಾರಗಳು ಒಂದೊಂದಾಗಿ ಬಿದ್ದವು. ಅವುಗಳ ಜೊತೆಗೆ, ದಶಕಗಳ ಕಾಲ ಜನರ ಮೇಲಿದ್ದ ‘ಕಾರ್ಮಿಕ’ ಎಂಬ ಅಧಿಕೃತ ಗುರುತೂ ಕಳಚಿತು. ಆ ಜಾಗ ಬಹಳ ದಿನ ಖಾಲಿ ಉಳಿಯಲಿಲ್ಲ. ಕೆಲವೆಡೆ ಧರ್ಮ, ಕೆಲವೆಡೆ ಭಾಷೆ, ಬಹುತೇಕ ಕಡೆ ರಾಷ್ಟ್ರದ ಅಭಿಮಾನ ಅಲ್ಲಿ ಬಂದು ನಿಂತಿತು.

ಕರ್ನಾಟಕ ಎಂದೂ ಕಮ್ಯುನಿಸ್ಟ್ ಆಳ್ವಿಕೆಯನ್ನು ಕಂಡಿಲ್ಲ. ಆದರೂ ಸರ್ಕಾರಿ ಕಾರ್ಖಾನೆಯನ್ನೇ ನಂಬಿದ್ದ ಊರಿನಲ್ಲಿ ಆ ನಂಬಿಕೆ ಅಲುಗಿದಾಗ ಏನಾಗುತ್ತದೆ ಎಂಬುದಕ್ಕೆ ದೊಡ್ಡನೆಕ್ಕುಂದಿಯ ಸುತ್ತಲಿನ ಪೂರ್ವ ಬೆಂಗಳೂರು ಒಳ್ಳೆಯ ನಿದರ್ಶನ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1964ರಲ್ಲಿ ಬಿಇಎಂಎಲ್ ಈ ಭಾಗದಲ್ಲಿ ಆರಂಭವಾದವು. ರಾಜ್ಯ ಸರ್ಕಾರದ ಎನ್‌ಜಿಇಎಫ್ ಬೈಯಪ್ಪನಹಳ್ಳಿಯಲ್ಲಿತ್ತು. ಕಾಯಂ ನೌಕರಿ ಸಿಕ್ಕವರಿಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಕ್ಯಾಂಟೀನು, ಶಿಫ್ಟ್ ಬಸ್ಸು ಎಲ್ಲವೂ ಕಾರ್ಖಾನೆಯ ಕಡೆಯಿಂದಲೇ ಬರುತ್ತಿದ್ದವು. ಕನ್ನಡ, ತಮಿಳು, ತೆಲುಗು, ಮಲಯಾಳ, ಉರ್ದು ಮಾತನಾಡುವವರು ಒಂದೇ ಗೇಟ್ ಮೀಟಿಂಗಿನಲ್ಲಿ ನಿಲ್ಲುತ್ತಿದ್ದರು.

ಆ ಒಗ್ಗಟ್ಟಿನ ದೊಡ್ಡ ಪರೀಕ್ಷೆ 1980ರ ಡಿಸೆಂಬರಿನಲ್ಲಿ ಬಂತು. ಬಿಎಚ್‌ಇಎಲ್ ನೌಕರರಿಗೆ ಸಮನಾದ ವೇತನ ಕೇಳಿ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಮುಷ್ಕರ ಹೂಡಿದರು. ಎಡಪಂಥೀಯ ಸಂಘಗಳ ದನಿ ಅದರಲ್ಲಿ ಗಟ್ಟಿಯಾಗಿತ್ತು. 77 ದಿನ ನಡೆದ ಮುಷ್ಕರ 1981ರ ಮಾರ್ಚ್‌ನಲ್ಲಿ ಬೇಡಿಕೆ ಈಡೇರದೆ ಮುಗಿಯಿತು. ಆಮೇಲೆ ಅಷ್ಟು ದೊಡ್ಡ ಒಗ್ಗಟ್ಟು ಈ ಉದ್ದಿಮೆಗಳಲ್ಲಿ ಮತ್ತೆ ಮೂಡಲಿಲ್ಲ.

ಆ ಮುಷ್ಕರಕ್ಕೆ ನಾಲ್ಕು ತಿಂಗಳು ಮುಂಚೆ, 1980ರ ಆಗಸ್ಟ್‌ನಲ್ಲಿ, ಪೋಲೆಂಡಿನ ಗ್ಡಾನ್‌ಸ್ಕ್ ಬಂದರಿನಲ್ಲಿ ಲೆನಿನ್ ಹೆಸರಿನ ಹಡಗು ಕಾರ್ಖಾನೆಯ ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಅವರು ಕಾರ್ಖಾನೆಯ ಗೇಟಿಗೆ ಪೋಪ್ ಎರಡನೆಯ ಜಾನ್ ಪಾಲ್ ಅವರ ಚಿತ್ರ ಕಟ್ಟಿದರು, ಒಳಗೇ ಪ್ರಾರ್ಥನೆ ನಡೆಸಿದರು. ‘ಸಾಲಿಡಾರಿಟಿ’ ಎಂಬ ಸಂಘ ಹುಟ್ಟಿದ್ದು ಅಲ್ಲಿ. ಕಾರ್ಮಿಕರ ಹಕ್ಕು, ಕ್ಯಾಥೋಲಿಕ್ ಶ್ರದ್ಧೆ, ಪೋಲಿಷ್ ಸ್ವಾಭಿಮಾನ ಮೂರೂ ಅದರಲ್ಲಿ ಒಂದಾಗಿದ್ದವು. ಬೆಂಗಳೂರಿನ ಕಾರ್ಖಾನೆಗಳಲ್ಲೂ ದೇವರಿಗೆ ಸ್ಥಳವಿತ್ತು. ಆಯುಧಪೂಜೆಯ ದಿನ ಲೇತ್ ಯಂತ್ರಗಳಿಗೆ ಅರಿಸಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆಯುವುದು ವಾಡಿಕೆ. ಆದರೆ ಇಲ್ಲಿನ ಕಾರ್ಮಿಕ ಹೋರಾಟ ಪೂಜೆಯಿಂದ ಬಲ ಪಡೆದದ್ದಲ್ಲ. ಹಾಗಾಗಿ ಸಂಘ ಸೋತ ಮೇಲೆ ಜನರನ್ನು ಒಟ್ಟುಗೂಡಿಸುವ ಕೆಲಸ ಭಾಷೆಯ ಪಾಲಿಗೆ ಬಂತು.

1982ರಲ್ಲಿ ಗೋಕಾಕ್ ಚಳವಳಿ ನಾಡನ್ನು ಆವರಿಸಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕು ಎಂದಿದ್ದ ವಿ. ಕೃ. ಗೋಕಾಕ್ ಸಮಿತಿಯ ವರದಿ ಅದರ ಮೂಲ. ಡಾ. ರಾಜಕುಮಾರ್ ಸೇರಿದ ಮೇಲೆ ಅದು ಜನಸಾಗರವಾಯಿತು. ಉದ್ಯೋಗದ ಪ್ರಶ್ನೆಯೂ ಕನ್ನಡದ ಪ್ರಶ್ನೆಯಾಯಿತು. ಕೇಂದ್ರೋದ್ಯಮಗಳ ಕೆಳದರ್ಜೆಯ ಹುದ್ದೆಗಳು ಕನ್ನಡಿಗರಿಗೆ ಸಿಗಬೇಕೆಂದು ಸರೋಜಿನಿ ಮಹಿಷಿ ಸಮಿತಿ 1986ರ ವರದಿಯಲ್ಲಿ ಹೇಳಿತು. ಸಂಬಳ ಎಷ್ಟು ಎಂಬ ಕೇಳಿಕೆಯ ಪಕ್ಕದಲ್ಲಿ ಕೆಲಸ ಯಾರಿಗೆ ಎಂಬ ಕೇಳಿಕೆ ಬಂದು ನಿಂತಿತು. ಅದು ನ್ಯಾಯವಾದ ಕೇಳಿಕೆಯೇ. ಭೂಮಿ ಕೊಟ್ಟ ಹಳ್ಳಿಗಳ ಮಕ್ಕಳಿಗೆ ಆ ಭೂಮಿಯಲ್ಲಿ ಎದ್ದ ಕಾರ್ಖಾನೆಯಲ್ಲಿ ಪಾಲು ಸಿಗಬೇಕಾದದ್ದು ಸಹಜ.

ಆದರೆ ಭಾಷೆಯ ಒಗ್ಗಟ್ಟಿಗೆ ಹೊರಗಿನವನೊಬ್ಬ ಬೇಕಾದಾಗ ಅಪಾಯ ಶುರುವಾಗುತ್ತದೆ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದ ಹಿಂದೆಯೇ ಬೆಂಗಳೂರಿನ ತಮಿಳರ ಮೇಲೆ ಹಲ್ಲೆಗಳಾದವು. 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ವಿಷಯವಾಗಿ ಎದ್ದ ಗಲಭೆಯಲ್ಲಿ ಭಾಷೆಯ ಜಗಳಕ್ಕೆ ಧರ್ಮದ ಬಣ್ಣ ಬಂತು. ಎರಡರಲ್ಲೂ ಜೀವಹಾನಿಯಾಯಿತು.

ಯುಗೊಸ್ಲಾವಿಯಾದಲ್ಲಿ ಇದೇ ಕಾಯಿಲೆ ದೇಶವನ್ನೇ ನುಂಗಿತು. 1990ರ ಜನವರಿಯಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆಯಿತು. ಮಾತಿನಲ್ಲಿ ಪರಸ್ಪರ ಅರ್ಥವಾಗುತ್ತಿದ್ದ ಕ್ರೋಟರು, ಸರ್ಬರು, ಬೋಸ್ನಿಯಾದ ಮುಸ್ಲಿಮರು ಧರ್ಮದ ಗೆರೆಯಲ್ಲಿ ಬೇರ್ಪಟ್ಟು ಯುದ್ಧಕ್ಕಿಳಿದರು. ರಷ್ಯಾದಲ್ಲಿ ಸ್ಟಾಲಿನ್ ಸರ್ಕಾರ 1931ರಲ್ಲಿ ಸಿಡಿಸಿದ್ದ ಮಾಸ್ಕೋದ ಮಹಾ ಚರ್ಚು ಮತ್ತೆ ಎದ್ದು 2000ದಲ್ಲಿ ಪ್ರತಿಷ್ಠಾಪನೆಗೊಂಡಿತು. ಚರ್ಚು ಮತ್ತು ಸರ್ಕಾರ ಹತ್ತಿರವಾದವು. ಹೀಗೇ ಆಗಬೇಕೆಂಬ ನಿಯಮವೇನಿಲ್ಲ. ಜೆಕ್ ದೇಶದಲ್ಲಿ ಕಮ್ಯುನಿಸಂ ಹೋದ ಮೇಲೂ ಬಹುಪಾಲು ಜನ ಚರ್ಚಿನಿಂದ ದೂರವೇ ಉಳಿದರು. ಯಾವ ಸಮಾಜದಲ್ಲಿ ಯಾವ ಸಂಸ್ಥೆಯ ಮೇಲೆ ಜನರಿಗೆ ವಿಶ್ವಾಸ ಉಳಿದಿರುತ್ತದೋ ಅದರ ಗುರುತು ಮೇಲೆದ್ದು ಬರುತ್ತದೆ.

ದೊಡ್ಡನೆಕ್ಕುಂದಿಯಲ್ಲಿ ಈಗ ಹೊರವರ್ತುಲ ರಸ್ತೆಯ ಐಟಿ ಕಚೇರಿಗಳು, ಕೈಗಾರಿಕಾ ಪ್ರದೇಶದ ಗುತ್ತಿಗೆ ಕೆಲಸಗಾರರು, ಹಳೆಯ ಊರಿನವರು ಅಕ್ಕಪಕ್ಕದಲ್ಲಿದ್ದಾರೆ. ಎನ್‌ಜಿಇಎಫ್ ಮುಚ್ಚಿಹೋಗಿದೆ. 2023ರ ಡಿಸೆಂಬರಿನಲ್ಲಿ ನಗರದಲ್ಲಿ ನಾಮಫಲಕಗಳಿಗಾಗಿ ಪ್ರತಿಭಟನೆ ನಡೆಯಿತು, ಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂಬ ಕಾನೂನು 2024ರಲ್ಲಿ ಬಂತು. ಅದೇ ವರ್ಷದ ಜುಲೈನಲ್ಲಿ ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಸಂಪುಟ ಒಪ್ಪಿದರೂ ಉದ್ಯಮಿಗಳ ವಿರೋಧದಿಂದ ಅದು ತಡೆಹಿಡಿಯಲ್ಪಟ್ಟಿತು. ಇನ್ನೊಂದು ಕಡೆ, 2017ರಿಂದ ಐಟಿ ನೌಕರರ ಸಂಘವೊಂದು ದುಡಿಮೆಯ ಅವಧಿ, ಕೆಲಸದಿಂದ ತೆಗೆಯುವುದು ಮೊದಲಾದ ವಿಷಯಗಳಲ್ಲಿ ದನಿ ಎತ್ತುತ್ತಿದೆ. ಇವು ಒಂದಕ್ಕೊಂದು ವಿರುದ್ಧವಾಗಬೇಕಿಲ್ಲ. ಊರಿನ ಭಾಷೆಗೆ ಮನ್ನಣೆ, ದುಡಿಯುವವರಿಗೆ ರಕ್ಷಣೆ ಎರಡನ್ನೂ ಒಟ್ಟಿಗೆ ಕೇಳುವ ಸಂಘಟನೆ ಬಲವಾಗಿದ್ದರೆ ಭಾಷಾಭಿಮಾನವು ಪಕ್ಕದ ಮನೆಯವನ ಮೇಲಿನ ಸಿಟ್ಟಾಗಿ ತಿರುಗುವುದು ಕಷ್ಟ.